ಆಮೆಯ ಎಣ್ಣೆ ಪಂಪು

ಫೆಬ್ರವರಿ 8, ಭಾನುವಾರ

ಮಾವ,

ಇಲ್ಲಿ ಎಲ್ಲರೂ ಆರಾಮ, ಆಮೆ ಒಂದನ್ನ ಬಿಟ್ಟು.

ಆಮೆ ಯಾರು ಅಂತ ಕೇಳಬೇಡಿ. ನಮ್ಮನೆ ಬೂದು ಕಾರು. ನನಗಿಂತ ಒಂದು ವರ್ಷ ದೊಡ್ಡದು, ಇಪ್ಪತ್ತನಾಲ್ಕು ತುಂಬಿದೆ. ನೀವು ದ್ವೀಪಕ್ಕೆ ಹೋಗಿ ಹನ್ನೊಂದು ವರ್ಷ ಆಯ್ತಲ್ಲ, ಅದಿನ್ನೂ ಗೇಟಿನ ಪಕ್ಕ ಅದೇ ಜಾಗದಲ್ಲಿ ಮುಖ ಊದಿಸ್ಕೊಂಡು ನಿಂತಿದೆ. ಭಾನುವಾರ ಅಪ್ಪ ಒಂದು ಸುತ್ತು ಓಡಿಸ್ತಾರೆ, ಉಳಿದ ದಿನ ನಾನು ಒರೆಸ್ತೀನಿ. ಅಮ್ಮ ಮುಟ್ಟಲ್ಲ. ನಿಮಗೆ ಗೊತ್ತೇ ಇದೆ.

ಫೋನ್ ಮಾಡೋಣ ಅಂದ್ರೆ ನಿಮ್ಮ ಪವರ್‌ಹೌಸಿನ ಜನರೇಟರ್ ಸದ್ದು ಬಿಟ್ಟು ಇನ್ನೇನೂ ಕೇಳಲ್ಲ, ಅದೂ ಎರಡು ನಿಮಿಷಕ್ಕೆ ಕಟ್. ಹಾಗಾಗಿ ಕಾಗದ. ನನ್ನ ಅಕ್ಷರ ನೋಡಿ ನಗಬೇಡಿ, ಕೀಬೋರ್ಡ್ ಬಿಟ್ಟು ಪೆನ್ನು ಹಿಡಿದು ಎಷ್ಟೋ ಕಾಲ ಆಯ್ತು.

ವಿಷಯಕ್ಕೆ ಬರ್ತೀನಿ. ಎಂಜಿನ್ ಮುಂಭಾಗದಲ್ಲಿ, ದೊಡ್ಡ ಪುಲಿ ಹಿಂದೆ, ಎಣ್ಣೆ ಒಸರ್ತಿದೆ. ರಾತ್ರಿ ರಟ್ಟು ಹಾಸಿದ್ರೆ ಬೆಳಿಗ್ಗೆ ಅಂಗೈಯಗಲ ಕಲೆ. ಅದಕ್ಕಿಂತ ಕೆಟ್ಟದ್ದು, ಎಂಜಿನ್ ಚೆನ್ನಾಗಿ ಕಾದ ಮೇಲೆ ನಿಂತಲ್ಲೇ ಓಡ್ತಿದ್ರೆ ಡ್ಯಾಶಿನ ಎಣ್ಣೆ ದೀಪ ಮಿಣಕ್ ಮಿಣಕ್ ಅನ್ನುತ್ತೆ. ಸ್ವಲ್ಪ ರೇಸ್ ಕೊಟ್ರೆ ಆರುತ್ತೆ. ನಮ್ಮ ಗ್ರೂಪಲ್ಲಿ ಫೋಟೋ ಹಾಕಿದೆ. (ಈ ಮಾಡೆಲ್ ಕಾರು ಇಟ್ಕೊಂಡಿರೋರದ್ದೇ ಒಂದು ಗ್ರೂಪಿದೆ ಮಾವ, ನಾನೂರು ಜನ, ಎಲ್ಲರೂ ಸ್ವಲ್ಪ ಲೂಸು.) ಎಲ್ಲರೂ ಒಂದೇ ಮಾತು: ಎಣ್ಣೆ ಪಂಪು. ಅಲ್ಲಿಂದ ಮುಂದೆ ಜಗಳ. ಅರ್ಧ ಜನ, ಪಂಪು ಬಿಚ್ಚಿ ಸೀಲ್ ಬದಲಾಯಿಸಿ ಅದನ್ನೇ ಹಾಕು, ಅಂತಾರೆ. ಇನ್ನರ್ಧ, ಹಳೇದು ಎಸೆದು ಹೊಸ ಪಂಪು ಹಾಕು, ಅಂತಾರೆ. ಹೊಸದು ಅಂದ್ರೆ ಕಂಪನಿದಲ್ಲ, ಕಂಪನಿ ಪಂಪು ಬರೋದು ನಿಂತು ಕಾಲವಾಯ್ತು. ಯಾರೋ ಮಾಡಿದ ನಕಲು. ಇನ್ನೂರು ಮೆಸೇಜಾದ ಮೇಲೆ ಗ್ರೀಸ್ ಅಕ್ಕ ಅನ್ನೋರು ಕೇಳಿದ್ರು: "ನಿಮ್ಮ ದ್ವೀಪದ ಮಾವ ಏನಂತಾರೆ?"

ಹೌದು, ಗ್ರೂಪಲ್ಲಿ ನಿಮಗೆ ಹೆಸರಿದೆ. ನೀವು ವರ್ಕ್‌ಶಾಪಲ್ಲಿ ಮೇಷ್ಟ್ರಾಗಿದ್ದಾಗ ಎಂಜಿನ್ ಸದ್ದು ಕೇಳಿಯೇ ಎಷ್ಟನೇ ವಾಲ್ವು ಅಂತ ಹೇಳ್ತಿದ್ರಲ್ಲ, ಆ ಕಥೆ ಹೇಳಿ ಹೇಳಿ ನಿಮ್ಮನ್ನ ದೇವರ ಮಟ್ಟಕ್ಕೆ ಏರಿಸಿಟ್ಟಿದ್ದೀನಿ. ಇಳಿಬೇಡಿ.

ಯಾಕಿಷ್ಟು ಅವಸರ ಅಂದ್ರೆ, ಅಮ್ಮ. ಅವರ ಆಸ್ಪತ್ರೆಯಲ್ಲಿ ಹೊಸ ಕೆಲಸ ಶುರು ಮಾಡ್ತಿದ್ದಾರೆ. ಹಾಸಿಗೆ ಹಿಡಿದವರ ಮನೆಗೆ ನರ್ಸೇ ಹೋಗಿ ಗಾಯ ತೊಳೆದು ಪಟ್ಟಿ ಕಟ್ಟಿ ಬರೋದು. ವಾರ್ಡಲ್ಲಿ ನಿಂತು ನಿಂತು ಅಮ್ಮನ ಮಂಡಿ ಹೋಗಿದೆ, ಈ ಕೆಲಸ ಅವರಿಗೇ ಹೇಳಿ ಮಾಡಿಸಿದ ಹಾಗಿದೆ. ಡಾಕ್ಟರೇ ಕರೆದು ಫಾರ್ಮ್ ಕೊಟ್ಟಿದ್ದಾರೆ. ಅದರಲ್ಲಿ ಒಂದು ಸಾಲು: "ಸ್ವಂತ ವಾಹನ ತಾವೇ ಓಡಿಸುವಿರಾ?" ಅಮ್ಮ ಎಲ್ಲ ತುಂಬಿ ಅದೊಂದನ್ನ ಖಾಲಿ ಬಿಟ್ಟು ಫ್ರಿಜ್ ಮೇಲಿಟ್ಟಿದ್ದಾರೆ. ಕೊಡೋಕೆ ಕೊನೇ ದಿನ ಮಾರ್ಚ್ 28. ಏಪ್ರಿಲ್ ಒಂದಕ್ಕೆ ಕೆಲಸ.

ಆಮೆ ಸರಿಹೋದ್ರೆ ಅಮ್ಮನ್ನ ಒಪ್ಪಿಸ್ತೀನಿ. ನಾನು ತೀರ್ಮಾನ ಮಾಡಿಯಾಗಿದೆ. ನೀವು ಹೇಳಬೇಕಾಗಿರೋದು ಒಂದೇ: ಸೀಲಾ, ಹೊಸದಾ?

ಎಡಿಟ್: ಈ ವರ್ಷವಾದ್ರೂ ರಜ ಹಾಕಿ ಬರ್ತೀರಾ? ಪ್ರತಿ ವರ್ಷ ಇದೇ ಕೇಳ್ತೀನಿ, ಗೊತ್ತು.

ನಿಮ್ಮ ಪುಟ್ಟಕ್ಕ


ಫೆಬ್ರವರಿ 19, ಗುರುವಾರ
(ಪೆನ್ಸಿಲಿನಲ್ಲಿ: ಬಂದದ್ದು ಫೆ. 23)

ಪುಟ್ಟಕ್ಕ,

ಈ ವಾರದ ಹಡಗು ಇನ್ನರ್ಧ ಗಂಟೆಗೆ ಹೊರಡುತ್ತೆ, ಚಿಕ್ಕದಾಗಿ ಬರೀತೀನಿ.

ಹೊಸದು ಹಾಕಿಸು. ನೀನು ಕೈ ಹಾಕಬೇಡ, ಒಳ್ಳೇ ಗ್ಯಾರೇಜಿಗೆ ಕೊಡು. ಪಂಪಿನ ಜೊತೆ ಎಣ್ಣೆ ಹೀರುವ ಪೈಪು, ಅದರ ತುದಿಯ ಜಾಲರಿ, ಎಲ್ಲ ಹೊಸದು. ಹಳೇದನ್ನ ಮನೆಗೆ ತರಬೇಡ, ಅಲ್ಲೇ ಗುಜರಿಗೆ ಹಾಕಿಸು. ಎಂಜಿನ್ ತಳದ ಎಣ್ಣೆ ತೊಟ್ಟಿ, ಆ ಸಂಪ್, ನೀನು ಬಿಚ್ಚಲೇಬೇಡ.

ಅಮ್ಮನಿಗೆ ಆ ಕೆಲಸ ಸಿಕ್ಕರೆ ಒಳ್ಳೇದು. ಆದರೆ ಅದಕ್ಕೆ ಬೇರೆ ಚಿಕ್ಕ ಗಾಡಿ ನೋಡಬಹುದಲ್ಲ. ಆಮೆಗೆ ವಯಸ್ಸಾಯಿತು.

ಇಲ್ಲಿ ಎರಡನೇ ನಂಬರ್ ಮಷೀನು ಕೆಮ್ಮುತ್ತಿದೆ. ರಜದ ವಿಷಯ ಆಮೇಲೆ.

ಮಾವ


ಫೆಬ್ರವರಿ 24, ಮಂಗಳವಾರ

ಮಾವ,

ನಿಮ್ಮ ಕಾಗದ ಮೂರು ಸಲ ಓದಿದೆ. ನಿಜ ಹೇಳ್ಲಾ? ಬೇಜಾರಾಯ್ತು.

ನೀವು ಬರೆದದ್ದು: "ನೀನು ಕೈ ಹಾಕಬೇಡ."

ಹನ್ನೆರಡು ವರ್ಷದವಳಿದ್ದಾಗ ಕಾರಿನ ಕೆಳಗೆ ನಿಮಗೆ ಟಾರ್ಚ್ ಹಿಡಿದು ಎಣ್ಣೆ ಕಣ್ಣಿಗೆ ಹಾರಿಸ್ಕೊಂಡ ಹುಡುಗಿ ನಿಮ್ಮ ತಲೇಲಿ ಇನ್ನೂ ಹಾಗೇ ಇದ್ದಾಳೆ ಅನ್ಸುತ್ತೆ. ಅವಳಿಗೀಗ ಇಪ್ಪತ್ಮೂರು. ಮೂರು ವರ್ಷದಿಂದ ತಕ್ಕಡಿ ರಿಪೇರಿ ಅಂಗಡೀಲಿ ಕೆಲಸ. ಅಕ್ಕಸಾಲಿಗನ ತಕ್ಕಡಿಯಿಂದ ಲಾರಿ ತೂಗೋ ಕಾಟಾದವರೆಗೂ ಬಿಚ್ಚಿ ಕೂರಿಸ್ತೀನಿ. ಕೂದಲೆಳೆ ಅಂತರ ಅಳೆಯೋದು ನನ್ನ ಹೊಟ್ಟೆಪಾಡು.

ನಮ್ಮ ಅಂಗಡಿ ಯಜಮಾನರದ್ದು ಒಂದು ನಿಯಮ ಇದೆ: ಬಂದಂಗೆ ಬರ್ಕೋ. ಯಾವ ತಕ್ಕಡಿ ಬಂದ್ರೂ ಒರೆಸೋಕೆ ಮುಂಚೆ, ತಿರುಪು ಸಡಿಲಿಸೋಕೆ ಮುಂಚೆ, ಅದು ಬಂದ ಸ್ಥಿತಿ ಬರೆದಿಡಬೇಕು. ಎಷ್ಟು ತಪ್ಪು ತೋರಿಸ್ತಿತ್ತು, ಯಾವ ಮೂಲೇಲಿ ಏನು ಕೂತಿತ್ತು, ಎಲ್ಲ. ಮೊದಲ ವಾರ ನಾನು ಒಂದು ತಕ್ಕಡಿಯನ್ನ ಫಳಫಳ ಒರೆಸಿಟ್ಟಾಗ ಅವರು ಅಂದ್ರು, "ಶಭಾಷ್. ರೋಗಿಗೆ ಸ್ನಾನ ಮಾಡಿಸಿ ರೋಗಾನ ಚರಂಡಿಗೆ ಬಿಟ್ಟೆ." ಅಂದಿನಿಂದ ನನಗೆ ಚಟ ಹತ್ತಿದೆ. ನಿಮ್ಮ ಕಾಗದದ ಮೇಲೂ ಬಂದ ತಾರೀಖು ಬರೀತೀನಿ.

ಹಾಗಾಗಿ ಕ್ಷಮಿಸಿ, ಆದ್ರೆ ಗುಜರಿಗೆ ಹಾಕಲ್ಲ. ಅಳೆಯದೆ ಎಸೆಯೋದು ನನ್ನ ಕೈಲಾಗಲ್ಲ. ಗ್ರೀಸ್ ಅಕ್ಕ ಅವರ ಹತ್ತಿರ ಇರೋ ನಕಲಿ ಪಂಪು ಕಳಿಸ್ತಿದ್ದಾರೆ, ಎರಡನ್ನೂ ಮೇಜಿನ ಮೇಲಿಟ್ಟು ಅಳೆದು ತೀರ್ಮಾನ ಮಾಡ್ತೀನಿ. ಎಷ್ಟು ಅಂತರ ಇದ್ರೆ ಸರಿ, ಎಷ್ಟಾದ್ರೆ ಎಸೀಬೇಕು, ಅದನ್ನಾದ್ರೂ ಹೇಳಿ.

ಇನ್ನೊಂದು. ಬೇರೆ ಗಾಡಿ ತಗೊಂಡ್ರೆ ಅಮ್ಮ ಓಡಿಸ್ತಾರೆ ಅಂತ ನಿಮಗೆ ಅನ್ಸುತ್ತಾ? ಅಮ್ಮನಿಗೆ ಭಯ ಇರೋದು ಗಾಡಿ ಮೇಲಲ್ಲ. ನಿನ್ನೆ ಫಾರ್ಮ್ ಬಗ್ಗೆ ಕೇಳಿದೆ. ತರಕಾರಿ ಹೆಚ್ಚುತ್ತಾ, ತಲೆ ಎತ್ತದೆ ಅಂದ್ರು, "ಒಂದು ಎಂಜಿನ್ ಸಾಯಿಸಿದ್ದು ಸಾಲ್ದಾ? ಇನ್ನೊಂದು ನನ್ನ ಕೈಗೆ ಕೊಡ್ತೀಯಾ?" ಅಪ್ಪ ಪೇಪರ್ ಹಿಂದಿನಿಂದ, "ದೀಪ ನೋಡ್ಕೊಂಡು ಓಡಿಸಿದ್ರೆ ಏನೂ ಆಗಲ್ಲ ಮಾರಾಯ್ತಿ," ಅಂದ್ರು. ತಮಾಷೆಗೇ. ಹನ್ನೊಂದು ವರ್ಷದಿಂದ ಅದೇ ತಮಾಷೆ. ಎಣ್ಣೆ ದೀಪದ ಪಕ್ಕ ಅಪ್ಪ ಅಂಟಿಸಿದ ಕೆಂಪು ಬಾಣದ ಸ್ಟಿಕ್ಕರು ಇನ್ನೂ ಇದೆ. "ಇಲ್ಲಿ ನೋಡು" ಅಂತ. ಮನೆಗೆ ಬಂದ ನೆಂಟರೆಲ್ಲ ಅದನ್ನ ನೋಡಿ ನಕ್ಕಿದ್ದಾರೆ. ಅಮ್ಮಾನೂ ನಗ್ತಾರೆ. ನಕ್ಕು ಒಳಗೆ ಹೋಗ್ತಾರೆ.

ನಾನು ಆಗ ಚಿಕ್ಕವಳು. ನಿಜಕ್ಕೂ ಅಮ್ಮ ದೀಪ ನೋಡಿರ್ಲಿಲ್ವಾ ಮಾವ? ಕೆಟ್ಟು ನಿಂತಾಗ ಮೊದಲು ಬಂದು ನೋಡಿದ್ದು ನೀವೇ ಅಲ್ವಾ?

ಪುಟ್ಟಕ್ಕ


ಮಾರ್ಚ್ 5, ಗುರುವಾರ
(ಪೆನ್ಸಿಲಿನಲ್ಲಿ: ಬಂದದ್ದು ಮಾ. 7)

ಪುಟ್ಟಕ್ಕ,

ನಿನ್ನ ಕೈ ಮೇಲೆ ಅನುಮಾನ ನನಗೆ ಯಾವತ್ತೂ ಇಲ್ಲ. ಟಾರ್ಚ್ ಅಲುಗಾಡಿಸದೆ ಹಿಡಿದಿದ್ದೆ ನೀನು. ಎಣ್ಣೆ ಬಿದ್ದಾಗಲೂ ಅಲುಗಾಡಿಸಲಿಲ್ಲ. ಅದು ನೆನಪಿದೆ.

ಅಳತೆ ಕೇಳಿದ್ದೀಯ, ಬರ್ಕೋ. ಪಂಪಿನ ಹಿಂದಿನ ಮುಚ್ಚಳ ತೆಗೆದರೆ ಒಳಗೆ ಎರಡು ಚಕ್ರ, ಒಂದರೊಳಗೆ ಒಂದು. ಹೊರಚಕ್ರಕ್ಕೂ ಗೋಡೆಗೂ ನಡುವೆ ತೆಳು ಪಟ್ಟಿ ತೂರಿಸಿ ನೋಡು. ಮಿಲಿಮೀಟರನ್ನ ನೂರು ಪಾಲು ಮಾಡಿದರೆ ಹತ್ತು ಪಾಲಿನೊಳಗೆ ಇದ್ದರೆ ಪಂಪು ಗಟ್ಟಿ. ಹದಿನೈದು ದಾಟಿದರೆ ಎಸೆ. ಗೋಡೆಯಲ್ಲಿ ಉಗುರಿಗೆ ಸಿಗುವ ಗೀರು ಇದ್ದರೂ ಎಸೆ. ಮುಚ್ಚಳದ ಸ್ಕ್ರೂಗಳು ಸಡಿಲ ಆಗಿರುತ್ತವೆ, ಈ ಎಂಜಿನ್ನಿನ ಹಳೇ ಕಾಯಿಲೆ ಅದು. ಕೂರಿಸುವಾಗ ಪಂಪಿನೊಳಗೆ ಎಣ್ಣೆ ತುಂಬಿಸಿಯೇ ಕೂರಿಸಬೇಕು. ಒಣ ಪಂಪು ಎಣ್ಣೆ ಎಳೆಯಲ್ಲ, ಒಣ ಗಂಟಲಲ್ಲಿ ಹಾಡು ಬರದ ಹಾಗೆ.

ಆದರೆ ಒಂದು ಮಾತು ಕೇಳು. ಸ್ವಲ್ಪ ಕಾಯಿ. ಮೇ ತಿಂಗಳಲ್ಲಿ ನಾನು ರಜ ಹಾಕುತ್ತೇನೆ. ಸುಳ್ಳಲ್ಲ, ಈ ಸಲ ಅರ್ಜಿ ಬರೆದು ಮೇಜಿನ ಮೇಲಿಟ್ಟಿದ್ದೇನೆ. ನಾನೇ ಬಂದು ಬಿಚ್ಚುತ್ತೇನೆ. ನೀನು ಪಕ್ಕದಲ್ಲಿ ಕೂತು ಅಳೆ. ಸಂಪ್ ಮಾತ್ರ ನಾನು ಬರುವವರೆಗೂ ಮುಟ್ಟಬೇಡ.

ದೀಪದ ವಿಷಯ ಹಳೇ ಕಥೆ. ಈಗ ಕೆದಕಿ ಏನು ಬಂತು?

ಮಾವ


ಮಾರ್ಚ್ 8, ಭಾನುವಾರ

ಮಾವ,

ಬರ್ತೀರಾ? ನಿಜವಾಗ್ಲೂ? ಅಮ್ಮನಿಗೆ ಓದಿ ಹೇಳಿದೆ. "ಅರ್ಜಿ ಮೇಜಿನ ಮೇಲಿದ್ರೆ ಸಾಲ್ದು, ಮೇಜಿಂದ ಎದ್ದು ಹೋಗ್ಬೇಕು," ಅಂದ್ರು. ಆದ್ರೆ ಆಮೇಲೆ ಎದುರು ರೂಮಿನ ಮಂಚದ ಮೇಲಿದ್ದ ಹಳೇ ಬಟ್ಟೆ ಗಂಟನ್ನೆಲ್ಲ ಎತ್ತಿಟ್ರು. ನೋಡಿದೆ ನಾನು.

ಆದ್ರೆ ಮೇ ತನಕ ಕಾಯೋಕಾಗಲ್ಲ ಮಾವ. ಫಾರ್ಮಿಗೆ 28 ಕೊನೆ. ನನಗೆ ಕಷ್ಟ ಆಗಬಾರದು ಅಂತ ನೀವು ಹೇಳ್ತಿರೋದು ಗೊತ್ತು. ಪಾಪ ನೀವು. ಆದ್ರೆ ನಿನ್ನೆ ನಿಮ್ಮ ಕಾಗದ ಬರೋ ಹೊತ್ತಿಗೆ ಆಮೆ ಆಗಲೇ ಸ್ಟ್ಯಾಂಡ್ ಮೇಲೆ ಕೂತಿತ್ತು. ಇವತ್ತು ಬೆಳಿಗ್ಗೆ ಬಿಚ್ಚಿದೆ.

ಬಂದಂಗೆ ಬರ್ಕೊಂಡಿದ್ದು, ನಿಮಗೋಸ್ಕರ ನಕಲು:

ಪಂಪಿಗೂ ಎಂಜಿನ್ನಿಗೂ ನಡುವಿನ ರಬ್ಬರ್ ರಿಂಗು ಚಪ್ಪಟೆಯಾಗಿ, ಗಟ್ಟಿಯಾಗಿ, ಹಳೇ ಬಳೆ ತರ ಆಗಿದೆ. ಬೆರಳಲ್ಲಿ ಬಗ್ಗಿಸಿದ್ರೆ ಟಕ್ ಅಂತ ಮುರೀತು. ಮುಚ್ಚಳದ ಆರು ಸ್ಕ್ರೂನಲ್ಲಿ ಮೂರು ಬರೀ ಬೆರಳಿಗೇ ತಿರುಗಿದ್ವು. ನೀವು ಹೇಳಿದ ಕಾಯಿಲೆನೇ.

ಅಂತರ: ನಮ್ಮ ಹಳೇ ಪಂಪು, ಎಂಟು ಪಾಲು. ನಕಲಿ ಹೊಸ ಪಂಪು, ಹದಿನಾಲ್ಕು. ಮೂರು ಸಲ ಅಳೆದೆ. ಯಜಮಾನರ ಕೈಲೂ ಅಳೆಸಿದೆ. ಅವರು ಹಳೇದನ್ನ ಕೈಲಿ ತೂಗಿ ನೋಡಿ ಅಂದ್ರು, "ಇದನ್ನ ಎಸೀಬೇಕು ಅಂದೋನು ಯಾರು? ಇದು ಇನ್ನೊಂದು ಜನ್ಮ ಓಡುತ್ತೆ." ನೀವು ಅಂತ ಹೇಳ್ಲಿಲ್ಲ. ನಿಮ್ಮ ಮರ್ಯಾದೆ ಕಾಪಾಡಿದ್ದೀನಿ.

ಹಾಗಾಗಿ ತೀರ್ಮಾನ: ಸೀಲು. ಗ್ರೀಸ್ ಅಕ್ಕ ಒರಿಜಿನಲ್ ರಿಂಗು ಹುಡುಕಿ ಕಳಿಸ್ತಾರಂತೆ, ಹತ್ತು ಹನ್ನೆರಡು ದಿನ ಆಗುತ್ತೆ.

ಈಗ ಒಂದು ಪ್ರಶ್ನೆ. ಪಂಪು ಬಿಚ್ಚೋಕೆ ಸಂಪೂ ಇಳಿಸಲೇಬೇಕಾಯ್ತು (ಬೈಬೇಡಿ). ಸಂಪಿನ ಅಂಚಿಗೆ, ಸೋರದಿರ್ಲಿ ಅಂತ, ಪೇಪರ್ ಪ್ಯಾಕಿಂಗ್ ಇತ್ತು, ಚೊಕ್ಕಟವಾಗಿ ಕತ್ತರಿಸಿದ್ದು, ನಿಮ್ಮ ಕೈಕೆಲಸ ಅಂತ ನೋಡಿದ್ರೇ ಗೊತ್ತಾಗುತ್ತೆ. ಆದ್ರೆ ಎಣ್ಣೆ ಹೀರೋ ಜಾಲರಿಯ ಅಂಚಿನ ಮಡಿಕೆ ಒಳಗೆ ಎರಡು ನೀಲಿ ಚೂರು ಸಿಕ್ಕಿದೆ. ಪೆನ್ಸಿಲ್ ಅಳಿಸೋ ರಬ್ಬರ್ ಉಜ್ಜಿದಾಗ ಬೀಳೋ ಸಿಪ್ಪೆ ತರ, ಮೆತ್ತಗೆ, ಸುರುಳಿಯಾಗಿ. ಒಂದನ್ನ ಇಲ್ಲಿ ಕೆಳಗೆ ಟೇಪ್ ಹಾಕಿ ಅಂಟಿಸಿದ್ದೀನಿ. ಎಂಜಿನ್ನಲ್ಲಿ ಎಲ್ಲೂ ನೀಲಿ ಬಣ್ಣದ್ದು ಏನೂ ಇಲ್ಲ. ಏನು ಮಾವ ಇದು? ಎಲ್ಲಿಂದ ಬಂತು? ಗ್ರೂಪಿಗೆ ಹಾಕೋ ಮುಂಚೆ ನಿಮ್ಮನ್ನ ಕೇಳೋಣ ಅಂತ.

ಪುಟ್ಟಕ್ಕ


ಮಾರ್ಚ್ 21, ಶನಿವಾರ

ಮಾವ,

ಎರಡು ಗುರುವಾರ ಹೋಯ್ತು, ಎರಡು ಹಡಗು ಹೋಯ್ತು. ನಿಮ್ಮಿಂದ ಒಂದು ಸಾಲಿಲ್ಲ.

ಮೊದಲು ಎರಡನೇ ನಂಬರ್ ಮಷೀನು ಕೈಕೊಟ್ಟಿರಬೇಕು ಅಂದ್ಕೊಂಡೆ. ಆಮೇಲೆ ಸಂಪು ಬಿಚ್ಚಿದ್ದಕ್ಕೆ ಸಿಟ್ಟು ಬಂದಿರಬೇಕು ಅಂದ್ಕೊಂಡೆ. ತಪ್ಪಾಯ್ತು ಅಂತ ಬರೆಯೋಕೂ ಕೂತೆ. ಹಳೇ ಕಾಗದ ಯಾವುದಾದ್ರೂ ಸಿಗುತ್ತಾ ಅಂತ ಆಮೆಯ ಡ್ಯಾಶ್ ಡಬ್ಬಿ ತೆಗೆದೆ. ಸರ್ವಿಸ್ ಪುಸ್ತಕ ಸಿಕ್ತು.

ಅಮ್ಮ ಎಲ್ಲ ಬರೆದಿಡ್ತಿದ್ರು ಅಂತ ನನಗೆ ಗೊತ್ತೇ ಇರ್ಲಿಲ್ಲ ಮಾವ. ನರ್ಸ್ ಅಲ್ವಾ, ರೋಗಿ ಚಾರ್ಟು ಬರೆದ ಹಾಗೇ ಬರೆದಿದ್ದಾರೆ. ಗಾಳಿ ಹಾಕಿಸಿದ್ದು, ಬಲ್ಬು ಬದಲಾಯಿಸಿದ್ದು, ಎಲ್ಲ. ಕೊನೇ ಎರಡು ನಮೂದು ಹೀಗಿವೆ. ಬಂದಂಗೆ ಬರೀತೀನಿ.

"ಮೇ 4. ಸಂಪ್ ಸೋರುತ್ತಿತ್ತು. ಅಣ್ಣ ಬಿಚ್ಚಿ ಮುಚ್ಚಿದ. ನೀಲಿ ಪೇಸ್ಟ್, ಒಂದು ಟ್ಯೂಬ್ ಪೂರ್ತಿ. ಸೋರಿಕೆ ನಿಂತಿದೆ."

"ಮೇ 26. ಸೇತುವೆ ಮಧ್ಯದಲ್ಲಿ ಎಣ್ಣೆ ದೀಪ ಹತ್ತಿತು. ಹಿಂದೆ ಲಾರಿ, ನಿಲ್ಲಿಸಲು ಜಾಗವಿಲ್ಲ. ಸೇತುವೆ ದಾಟಿದ ಕೂಡಲೇ ಆಫ್ ಮಾಡಿದೆ. ಒಂದು ನಿಮಿಷಕ್ಕಿಂತ ಕಡಿಮೆ. ಒಳಗೆ ಬಡಿಯುವ ಶಬ್ದ. ಅಣ್ಣನಿಗೆ ಹೇಳಿ ಕಳಿಸಿದೆ."

ಆಮೇಲೆ ಪುಟ ಖಾಲಿ. ಕೊನೇವರೆಗೂ ಖಾಲಿ.

ನಾನು ಮೆಕ್ಯಾನಿಕ್ ಅಲ್ಲ, ತಕ್ಕಡಿಯವಳು. ಆದ್ರೆ ಎರಡು ತಟ್ಟೆಗೂ ಏನೇನು ಹಾಕಬೇಕು ಅಂತ ಗೊತ್ತು. ಈಗ ಸಂಪಿಗಿರೋದು ಪೇಪರ್ ಪ್ಯಾಕಿಂಗ್. ಅದು ಎಂಜಿನ್ ಕೆಟ್ಟ ಮೇಲೆ ರಿಪೇರಿಗೆ ಬಿಚ್ಚಿದಾಗ ನೀವು ಹಾಕಿದ್ದು. ನೀಲಿ ಚೂರು ಅದಕ್ಕಿಂತ ಮುಂಚಿಂದು. ಪೇಸ್ಟ್ ಜಾಸ್ತಿ ಆಗಿ, ಒಳಗೆ ಉಬ್ಬಿ, ಒಣಗಿ, ಎಣ್ಣೆಗೆ ಉದುರಿ, ಜಾಲರಿ ಕಟ್ಟಿಕೊಂಡಿದೆ. ಎಣ್ಣೆ ಮೇಲೆ ಹೋಗಿಲ್ಲ. ದೀಪ ಹತ್ತಿದೆ. ಅಮ್ಮ ನೋಡಿದ್ದಾರೆ. ನಿಲ್ಲಿಸಿದ್ದಾರೆ.

"ಸಂಪ್ ಬಿಚ್ಚಬೇಡ." "ಹಳೇದು ಗುಜರಿಗೆ ಹಾಕು." "ನಾನೇ ಬಂದು ಬಿಚ್ಚುತ್ತೇನೆ." ನಿಮ್ಮ ಕಾಗದಗಳನ್ನ ಮತ್ತೆ ಓದಿದೆ. ನನ್ನ ಮೇಲಿನ ಪ್ರೀತಿಗೆ ಅಂತ ನಾನು ಅಂದ್ಕೊಂಡಿದ್ದ ಸಾಲುಗಳೆಲ್ಲ ಈಗ ಬೇರೆ ತರ ಓದಿಸ್ಕೋತವೆ.

ಗ್ರೂಪಿಗೆ ಹಾಕಿಲ್ಲ. ಹಾಕಲ್ಲ. ಅಮ್ಮನಿಗೂ ಇನ್ನೂ ಹೇಳಿಲ್ಲ. ನಾನು ಹೇಳಿದ್ರೆ ಮಗಳು ಅಮ್ಮನ ಪರ ವಾದ ಮಾಡಿದ ಹಾಗೆ. ನೀವು ಹೇಳಿದ್ರೆ ಮೇಷ್ಟ್ರು ಹೇಳಿದ ಹಾಗೆ. ಅವತ್ತು ಈ ಮನೇಲಿ ನಿಮ್ಮ ಮಾತಿಗೆ ತೂಕ ಇತ್ತು, ಈಗಲೂ ಇದೆ.

ಈ ಕಾಗದ ನಿಮಗೆ 26ಕ್ಕೆ ಸಿಗುತ್ತೆ. ಫಾರ್ಮಿಗೆ 28 ಕೊನೆ. ಕಾಗದ ಬರೆಯೋಷ್ಟು ಸಮಯ ಇಲ್ಲ. ನಿಮ್ಮ ಫೋನು ಎರಡು ನಿಮಿಷ ಹತ್ತುತ್ತೆ. ಇದಕ್ಕೆ ಎರಡು ನಿಮಿಷ ಧಾರಾಳ ಸಾಕು. 27ರ ಸಂಜೆವರೆಗೂ ನೋಡ್ತೀನಿ. ಆಮೇಲೆ ಈ ಪುಸ್ತಕ ಊಟದ ಮೇಜಿನ ಮೇಲೆ ತೆರೆದಿಡ್ತೀನಿ, ಪಕ್ಕದಲ್ಲಿ ಇನ್ನೊಂದು ನೀಲಿ ಚೂರು.

ರಿಂಗು ಇವತ್ತು ಬಂತು. ನಾಳೆ ಪಂಪು ಕೂರಿಸ್ತೀನಿ. ಎಣ್ಣೆ ತುಂಬಿಸಿಯೇ. ಅಷ್ಟಾದ್ರೂ ನಿಮ್ಮಿಂದ ಕಲಿತಿದ್ದು ಸರಿಯಾಗಿದೆ.

ಇಂತಿ


ಮಾರ್ಚ್ 19, ಗುರುವಾರ
(ಪೆನ್ಸಿಲಿನಲ್ಲಿ: ಬಂದದ್ದು ಮಾ. 24)

ಪುಟ್ಟಕ್ಕ,

ನೀನು ಟೇಪ್ ಹಾಕಿ ಅಂಟಿಸಿದ್ದು ಹನ್ನೆರಡನೇ ತಾರೀಖಿನ ಹಡಗಿನಲ್ಲಿ ಬಂತು. ಅಂದೇ ಉತ್ತರ ಬರೆದೆ, "ಹಳೇ ಹೋಸ್ ಪೈಪಿನ ಚೂರು" ಅಂತ. ಹಡಗು ಕೂಗುವ ಹೊತ್ತಿಗೆ ಅದನ್ನ ಹರಿದು ಹಾಕಿದೆ. ಹಾಗಾಗಿ ಆ ವಾರ ನಿನಗೆ ಏನೂ ಬರಲಿಲ್ಲ.

ಅದು ಸೀಲಿಂಗ್ ಪೇಸ್ಟು. ಬಳಿದದ್ದು ನಾನು.

ಸಂಪ್ ಸೋರುತ್ತಿದೆ ಅಂತ ನಿನ್ನ ಅಮ್ಮ ಹೇಳಿದಾಗ ಪೇಪರ್ ಪ್ಯಾಕಿಂಗ್ ಕತ್ತರಿಸುವ ತಾಳ್ಮೆ ಇರಲಿಲ್ಲ. ತಂಗಿಯ ಗಾಡಿ ತಾನೆ ಅಂದುಕೊಂಡೆ. ಹೊರಗಿನವರ ಗಾಡಿಯಾಗಿದ್ದರೆ ಹಾಗೆ ಮಾಡುತ್ತಿರಲಿಲ್ಲ. ಟ್ಯೂಬ್ ಹಿಂಡಿ ಸುತ್ತಲೂ ಬಳಿದು ಬೋಲ್ಟ್ ಬಿಗಿದೆ. ಹೊರಗೆ ಉಬ್ಬಿ ಬಂದದ್ದನ್ನ ಬಟ್ಟೆಯಲ್ಲಿ ಒರೆಸಿ ಅಂದಗೊಳಿಸಿದೆ. ಹೊರಗೆಷ್ಟು ಉಬ್ಬುತ್ತದೋ ಒಳಗೂ ಅಷ್ಟೇ ಉಬ್ಬುತ್ತದೆ, ಒಳಗಿನದ್ದನ್ನ ಒರೆಸುವವರು ಯಾರೂ ಇಲ್ಲ, ಅಂತ ಹದಿನೆಂಟು ವರ್ಷ ಪಾಠ ಹೇಳಿದವನು ನಾನೇ.

ಸೇತುವೆ ಆಚೆ ಗಾಡಿ ನಿಂತಾಗ ನಾನೂ ನಿನ್ನ ಅಪ್ಪನೂ ಹೋದೆವು. ನಿನ್ನ ಅಮ್ಮ ರಸ್ತೆ ಬದಿಯಲ್ಲಿ ನಿಂತಿದ್ದಳು. "ಅಣ್ಣಾ, ದೀಪ ಹತ್ತಿದ ತಕ್ಷಣ ನೋಡಿದೆ, ಜಾಗ ಸಿಕ್ಕ ತಕ್ಷಣ ನಿಲ್ಲಿಸಿದೆ," ಅಂದಳು. ಅಷ್ಟು ಹೊತ್ತಿಗೇ ನನಗೆ ಕಾರಣ ಹೊಳೆದಿತ್ತು. ನಿನ್ನ ಅಪ್ಪ ನನ್ನ ಮುಖ ನೋಡಿದ. ನಾನು, "ದೀಪ ಅವಳು ತಡವಾಗಿ ನೋಡಿರಬೇಕು ಅನ್ಸುತ್ತೆ," ಅಂದೆ. ಅನ್ಸುತ್ತೆ ಅಂತಲೇ ಅಂದೆ. ಮನೆ ಮುಟ್ಟುವಷ್ಟರಲ್ಲಿ ಆ ಅನ್ಸುತ್ತೆ ದಾರಿಯಲ್ಲೇ ಉದುರಿಹೋಗಿತ್ತು.

ವಾರದ ನಂತರ ನಾನೇ ಸಂಪ್ ಬಿಚ್ಚಿದೆ. ಜಾಲರಿ ತುಂಬ ನೀಲಿ. ಮುಷ್ಟಿಯಷ್ಟು. ಟಾರ್ಚ್ ಹಿಡಿದವಳು ನೀನು. ಎಣ್ಣೆ ನಿನ್ನ ಕಣ್ಣಿಗೆ ಹಾರಿತು ಅಂತ ಮುಖ ತೊಳೆಯಲು ನಿನ್ನನ್ನ ಮನೆಯೊಳಗೆ ಕಳಿಸಿ, ಆ ಹೊತ್ತಿನಲ್ಲಿ ಅದನ್ನೆಲ್ಲ ಕಿತ್ತು ಚಿಂದಿ ಬಟ್ಟೆಯಲ್ಲಿ ಸುತ್ತಿ ಎಸೆದೆ. ಮಡಿಕೆಯೊಳಗೆ ಎರಡು ಚೂರು ಉಳಿದಿವೆ ಅಂತ ಗೊತ್ತಿರಲಿಲ್ಲ, ಏನಾದರೂ ಉಳಿದಿರಬಹುದು ಅನ್ನುವ ಭಯ ಮಾತ್ರ ಹೋಗಲೇ ಇಲ್ಲ.

ಇವತ್ತು ಹೇಳೋಣ, ನಾಳೆ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ನಿನ್ನ ಅಪ್ಪ ಆ ಬಾಣ ಅಂಟಿಸಿದ. ಎಲ್ಲರೂ ನಕ್ಕರು, ನಾನೂ ನಕ್ಕೆ. ನಕ್ಕ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ಎರಡು ತಿಂಗಳಿಗೆ ಈ ದ್ವೀಪದ ಕೆಲಸ ಸಿಕ್ಕಿತು. ಮಷೀನುಗಳ ನೆಪದಲ್ಲಿ ಹನ್ನೊಂದು ವರ್ಷ ಬರಲಿಲ್ಲ. ಮಷೀನುಗಳು ನೆಟ್ಟಗಿವೆ. ಎರಡನೇ ನಂಬರ್ ಯಾವತ್ತೂ ಕೆಮ್ಮಿಲ್ಲ.

ಈ ಕಾಗದವನ್ನೇ ಅಮ್ಮನ ಕೈಗೆ ಕೊಡು. ಅಪ್ಪನಿಗೂ ಓದಿಸು. ಅವಳಿಗೊಂದು ನಿನಗೊಂದು ಅಂತ ಬೇರೆ ಬೇರೆ ಬರೆಯಲು ಹೋದರೆ ಒಂದರಲ್ಲಿ ಏನಾದರೂ ಬಿಟ್ಟುಬಿಡುತ್ತೇನೆ. ನನ್ನ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ.

ನೀನು ಮೊದಲು ಕೇಳಿದ್ದಕ್ಕೆ ಉತ್ತರ ಕೊಟ್ಟೇ ಇಲ್ಲ. ಹಳೇ ಪಂಪನ್ನೇ ಹಾಕು. ಎಂಟು ಪಾಲು ಅಂದರೆ ಹೊಸದಕ್ಕಿಂತ ಮೇಲು. ರಿಂಗು ಹಾಕು, ಪೇಸ್ಟ್ ಮುಟ್ಟಬೇಡ. ಆ ಪಂಪಿನದ್ದು ಯಾವತ್ತೂ ಏನೂ ತಪ್ಪಿರಲಿಲ್ಲ.

ಮಾವ


ಏಪ್ರಿಲ್ 2, ಗುರುವಾರ

ಮಾವ,

ನನ್ನ 21ರ ಕಾಗದ ನಿಮಗೆ ಸಿಕ್ಕಿರುತ್ತೆ. ಕೊನೇಲಿ ಬರೀ "ಇಂತಿ" ಅಂತ ಬಿಟ್ಟಿದ್ದೆ, ಹೆಸರು ಬರೆಯೋಕೆ ಕೈ ಬರ್ಲಿಲ್ಲ. ನಿಮ್ಮದು ಮೂರು ದಿನ ಬಿಟ್ಟು ಬಂತು. ತಾರೀಖು ನೋಡಿದೆ, 19. ನಾನು ಬೈಯೋಕೆ ಎರಡು ದಿನ ಮುಂಚೆ ನೀವು ಬರೆದಿದ್ದೀರಿ. ಇದನ್ನ ಅಮ್ಮನಿಗೆ ಬಿಡಿಸಿ ಹೇಳಿದೆ, ಯಾಕಂದ್ರೆ ಅಮ್ಮ ಕಾಗದ ಓದಿ ಮುಗಿಸಿ ಕೇಳಿದ ಮೊದಲ ಪ್ರಶ್ನೆನೇ, "ಇದನ್ನ ನೀನು ಬರೆಸಿದ್ದಾ, ಅವನೇ ಬರೆದಿದ್ದಾ?"

ಅಡುಗೆಮನೇಲಿ ನಿಂತೇ ಓದಿದ್ರು. ಎರಡು ಸಲ. ಒಲೆ ಮೇಲೆ ಹಾಲು ಉಕ್ಕಿ ಸುರಿದ್ರೂ ನೋಡ್ಲಿಲ್ಲ. ಅಪ್ಪ ಓಡಿಬಂದು ಒಲೆ ಆರಿಸಿ, ಏನೋ ತಮಾಷೆ ಮಾಡೋಕೆ ಬಾಯಿ ತೆಗೆದ್ರು. ಅಮ್ಮ ಕಾಗದ ಅವರ ಕೈಗೆ ಕೊಟ್ರು. ಅಪ್ಪ ಕೂತು ಓದಿದ್ರು. ಆಮೇಲೆ ಚಪ್ಪಲಿ ಹಾಕ್ಕೊಂಡು ಹೊರಗೆ ಹೋದ್ರು. ಹೋಗಿ ನೋಡಿದ್ರೆ ಆಮೆ ಒಳಗೆ ಕೂತು ಆ ಕೆಂಪು ಬಾಣಾನ ಉಗುರಲ್ಲಿ ಕೆರೀತಿದ್ದಾರೆ. ಹನ್ನೊಂದು ವರ್ಷದ ಅಂಟು, ಬರ್ತಾನೇ ಇಲ್ಲ. ಅಮ್ಮ ಬಾಗಿಲಲ್ಲಿ ನಿಂತು ಅಂದ್ರು, "ಕೆರೀಬೇಡಿ, ಗ್ಲಾಸು ಗೀಚುತ್ತೆ. ಎಣ್ಣೆ ಹಚ್ಚಿ ನೆನೆಸಿ ತೆಗೀರಿ. ನಿಧಾನಕ್ಕೆ. ಪೂರ್ತಿ ತೆಗೀರಿ."

ನಾನು ಕೇಳಿದೆ, "ಅಮ್ಮ, ಮಾವನ್ನ ಕ್ಷಮಿಸ್ತೀಯಾ?"

"ಅದು ಆಮೇಲೆ ನೋಡೋಣ. ಮೊದಲು ಗಾಡಿ ಸ್ಟಾರ್ಟ್ ಆಗ್ಲಿ."

ಮಾರನೇ ದಿನ ಸಂಜೆ, ಇನ್ನೂ ಬಿಸಿಲಿದ್ದಾಗಲೇ, ಎಣ್ಣೆ ಹಾಕಿ ಪ್ಲಗ್ಗಿನ ವೈರುಗಳನ್ನ ಕಳಚಿಟ್ಟೆ, ಎಂಜಿನ್ ಹತ್ತದೆ ಬರೀ ತಿರುಗ್ಲಿ, ಪಂಪು ಮೊದಲು ಎಣ್ಣೆ ಎಳೀಲಿ ಅಂತ. ಕೀ ತಿರುಗಿಸೋಕೆ ಅಪ್ಪನ್ನ ಕರೆದೆ. ಅಮ್ಮ ಕೈ ಒರೆಸ್ಕೊಂಡು ಬಂದು, "ಅವರಿಗೆ ಏನು ಗೊತ್ತಾಗುತ್ತೆ, ನಾನು ಕೂರ್ತೀನಿ," ಅಂತ ಡ್ರೈವರ್ ಸೀಟಲ್ಲಿ ಕೂತ್ರು. ಹನ್ನೊಂದು ವರ್ಷ ಆದ ಮೇಲೆ ಮಾವ. ಸೀಟು ಮುಂದಕ್ಕೆ ಎಳ್ಕೊಂಡ್ರು. ಕನ್ನಡಿ ಸರಿಮಾಡ್ಕೊಂಡ್ರು, ಗಾಡಿ ಎಲ್ಲಿಗೂ ಹೋಗಲ್ಲ ಅಂತ ಗೊತ್ತಿದ್ರೂ.

ಕೀ ತಿರುಗಿಸಿದ್ರು. ನಾನು ಕೆಳಗೆ ಮಲಗಿದ್ದೆ, ನನಗೆ ಬರೀ ಅಮ್ಮನ ದನಿ.

"ದೀಪ ಹತ್ತಿದೆ... ಹತ್ತಿದೆ... ಇನ್ನೂ ಹತ್ತಿದೆ."

ನಾನು ಟಾರ್ಚನ್ನ ಅಲುಗಾಡಿಸದೆ ಪಂಪಿನ ಮೇಲೇ ಹಿಡಿದಿದ್ದೆ.

"ಆರಿತು."

ವೈರ್ ಹಾಕಿ ಸ್ಟಾರ್ಟ್ ಮಾಡಿದ್ವಿ. ಚೆನ್ನಾಗಿ ಕಾಯೋಕೆ ಬಿಟ್ವಿ, ಇಪ್ಪತ್ತು ನಿಮಿಷ ನಿಂತಲ್ಲೇ. ದೀಪ ಒಂದು ಸಲಾನೂ ಮಿಣುಕಲಿಲ್ಲ. ಕೆಳಗೆ ಹಾಸಿದ ರಟ್ಟು ಒಣಗಿತ್ತು. ಇವತ್ತಿಗೂ ಒಣಗಿದೆ, ದಿನಾ ನೋಡ್ತೀನಿ. ಅಮ್ಮ ಇಳಿಯೋ ಮುಂಚೆ ಡ್ಯಾಶ್ ಡಬ್ಬಿಯಿಂದ ಪುಸ್ತಕ ತೆಗೆದು, ಖಾಲಿ ಪುಟದಲ್ಲಿ ತಾರೀಖು ಹಾಕಿ ಬರೆದ್ರು: "ಪಂಪ್ ಹಳೆಯದೇ. ರಿಂಗ್ ಹೊಸದು. ಮಗಳು ಕೂರಿಸಿದಳು." ಆಮೇಲೆ ಒಳಗೆ ಹೋಗಿ ಫ್ರಿಜ್ ಮೇಲಿನ ಫಾರ್ಮ್ ಇಳಿಸಿ ಖಾಲಿ ಸಾಲು ತುಂಬಿದ್ರು. 26ಕ್ಕೇ ಕೊಟ್ಟು ಬಂದ್ರು, ಎರಡು ದಿನ ಮುಂಚೆ.

ಗ್ರೀಸ್ ಅಕ್ಕನಿಗೆ ನಕಲಿ ಪಂಪು ವಾಪಸ್ ಕಳಿಸಿದೆ. ಅಳತೆ ಎರಡೂ ಗ್ರೂಪಲ್ಲಿ ಹಾಕಿದೆ, ಜಗಳ ಹೊಸದಾಗಿ ಶುರುವಾಗಿದೆ. ಜಾಲರೀಲಿ ಸಿಕ್ಕ ನೀಲಿ ಚೂರು ಏನಂತೆ ಅಂತ ಯಜಮಾನ್ರು ಕೇಳಿದ್ರು. ಮನೆ ವಿಷಯ ಸಾರ್ ಅಂದೆ.

ನಿನ್ನೆ ಅಮ್ಮನ ಮೊದಲ ದಿನ. ನಾಲ್ಕು ಮನೆ. ಹೊರಡೋವಾಗ ಅಪ್ಪ ಗೇಟು ತೆಗೆದು ನಿಂತಿದ್ರು, ಬಾಯಿ ಬಿಡ್ಲಿಲ್ಲ. ಸಂಜೆ ಆಮೆ ವಾಪಸ್ ಬಂದಾಗ ಮಾತ್ರ, "ದಾರಿ ಹೇಗಿತ್ತು?" ಅಂದ್ರು. "ಉದ್ದಕ್ಕಿತ್ತು," ಅಂದ್ರು ಅಮ್ಮ.

ನಾನಂತೂ ನಿಮ್ಮ ಮೇಲೆ ಪೂರ್ತಿ ಸರಿಹೋಗಿಲ್ಲ, ಸುಳ್ಳು ಹೇಳಲ್ಲ. ದೇವರ ಮಟ್ಟದಿಂದ ಇಳಿಸಿದ್ದೀನಿ. ಆದ್ರೆ ಮಾವನ ಜಾಗ ಹಾಗೇ ಇದೆ. ಅರ್ಜಿ ಮೇಜಿನ ಮೇಲಿಂದ ಎದ್ದಿತಾ, ಅದನ್ನ ಬರೀರಿ.

ಕೆಳಗೆ ಜಾಗ ಬಿಡ್ತೀನಿ. ಅಮ್ಮ ಪೆನ್ನು ಕೇಳ್ತಿದ್ದಾರೆ.

ನಿಮ್ಮ ಪುಟ್ಟಕ್ಕ


ಅಣ್ಣಾ,

ನಿನ್ನ ಕಾಗದ ನನ್ನ ಹತ್ತಿರ ಇದೆ. ಸರ್ವಿಸ್ ಪುಸ್ತಕದೊಳಗೆ ಇಟ್ಟಿದ್ದೀನಿ. ಅದರ ಬಗ್ಗೆ ಮಾತಾಡೋದು ತುಂಬ ಇದೆ, ಕಾಗದದಲ್ಲಿ ಆಗಲ್ಲ, ಎದುರಿಗೇ ಆಗಬೇಕು.

ಮೇ ಅಂದಿದ್ದೀಯಲ್ಲ, ಮೇ ತಿಂಗಳಲ್ಲೇ ಬಾ. ಬಸ್ಸು ಗಿಸ್ಸು ಹುಡುಕೋಕೆ ಹೋಗಬೇಡ, ಹಡಗುಕಟ್ಟೆಗೆ ನಾನೇ ಗಾಡಿ ತರ್ತೀನಿ. ದಾರಿಯಲ್ಲಿ ಆ ಸೇತುವೆ ದಾಟಬೇಕು. ನೀನು ಪಕ್ಕದ ಸೀಟಲ್ಲಿ ಕೂತ್ಕೋ, ದೀಪ ನೋಡ್ಕೊಂಡು.